ಕ್ಯಾನ್ಸರ್ ಲಸಿಕೆ ಶುರುವಾಗೋದು ಫಾರ್ಮಲಿನ್ ಬಾಟಲಿಯಿಂದ

ರಷ್ಯಾದವರು ಕ್ಯಾನ್ಸರ್‌ಗೆ ಲಸಿಕೆ ಕಂಡುಹಿಡಿದಿದ್ದಾರೆ, ಎಲ್ಲರಿಗೂ ಉಚಿತ ಅನ್ನೋ ಸುದ್ದಿ 2024ರ ಡಿಸೆಂಬರ್‌ನಲ್ಲಿ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಬಂತು. 2025ರಲ್ಲಿ ಅದೇ ಸುದ್ದಿ "ನೂರಕ್ಕೆ ನೂರು ಗುಣ" ಅನ್ನೋ ಮಾತನ್ನೂ ಸೇರಿಸಿಕೊಂಡು ಇನ್ನೊಂದು ಸುತ್ತು ಬಂತು. ಈಗಲೂ ಯಾರಾದರೂ ಒಬ್ಬರು ಕಳಿಸುತ್ತಲೇ ಇರುತ್ತಾರೆ. ಕಳಿಸಿದವರು ಆಮೇಲೆ ನನಗೆ ಫೋನ್ ಮಾಡುತ್ತಾರೆ. ನಾನು ಮೈಸೂರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್ ಮಾಡಿ ತೆಗೆದ ಗಡ್ಡೆ, ಬಯಾಪ್ಸಿ ತುಂಡು ಎಲ್ಲ ನಮ್ಮಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸ್ಲೈಡ್ ಮಾಡಿ ಡಾಕ್ಟರ ಮುಂದೆ ಇಡೋದು ನನ್ನ ಕೆಲಸ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳುವವರು ಅವರು.

ಬೇರೆಯವರಿಗೆ ಎರಡು ಮಾತಲ್ಲಿ ಉತ್ತರ ಹೇಳಿ ಮುಗಿಸುತ್ತಿದ್ದೆ. ಪಾಂಡವಪುರದ ಕಡೆ ಇರುವ ನಮ್ಮ ಸೋದರಮಾವ ಕೇಳಿದಾಗ ಹಾಗೆ ಮುಗಿಸೋಕೆ ಆಗಲಿಲ್ಲ. ಮಾವನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಕಬ್ಬಿನ ಗದ್ದೆಯ ಕೆಲಸ, ಹುಡುಗನಾಗಿದ್ದಾಗಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು. ಕೆನ್ನೆಯ ಒಳಗಿನ ಹುಣ್ಣು ದವಡೆಗೆ ತಾಗಿತ್ತು. ದವಡೆ ಮೂಳೆಯಲ್ಲೂ ಒಂದು ಭಾಗ ತೆಗೆದರು. ಆಮೇಲೆ ರೇಡಿಯೇಷನ್ ಕೊಟ್ಟರು. ಈಗ ಮುದ್ದೆಯನ್ನು ಸಾರಲ್ಲಿ ತೆಳ್ಳಗೆ ಕಲಸಿಕೊಂಡು ನುಂಗುತ್ತಾರೆ, ಗದ್ದೆಗೂ ಹೋಗುತ್ತಾರೆ. ಆದರೆ ಚೆಕಪ್ಪಿಗೆ ಬರುವ ಹಿಂದಿನ ರಾತ್ರಿ ಅವರಿಗೆ ನಿದ್ದೆ ಬರೋಲ್ಲ.

"ಅದೇನೋ ಇಂಜೆಕ್ಷನ್ನು ಬಂದದಂತಲ್ಲವ್ವ, ವಾಪಸ್ ಬರ್ದಂಗೆ ತಡೀತದಂತೆ. ಮೈಸೂರ್ಗೆ ಯಾವಾಗ ಬತ್ತದೆ, ವಸಿ ವಿಚಾರ್ಸು" ಅಂದರು.

ವಿಚಾರಿಸಿದೆ. ನಮ್ಮ ಪೆಥಾಲಜಿಸ್ಟ್ ಡಾಕ್ಟರನ್ನು ಕೇಳಿದೆ, ಅವರು ಕೊಟ್ಟಿದ್ದನ್ನು ಕೂತು ಓದಿದೆ. ಮಾವನಿಗೆ ಹೇಳಿದ್ದನ್ನೇ ಸ್ವಲ್ಪ ಜಾಸ್ತಿ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಕ್ಯಾನ್ಸರ್ ಬರದಂತೆ ತಡೆಯುವ ಲಸಿಕೆಗಳು ಈಗಾಗಲೇ ಇವೆ. ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚೂ ಕಡಿಮೆ ಎಲ್ಲವೂ ಎಚ್‌ಪಿವಿ ವೈರಸ್‌ನಿಂದ ಬರುತ್ತದೆ. ಆ ವೈರಸ್‌ಗೆ ಲಸಿಕೆ ಇದೆ. ನಮ್ಮ ದೇಶದಲ್ಲೇ ತಯಾರಾಗುವ ಸರ್ವಾವ್ಯಾಕ್ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. ಹೆಪಟೈಟಿಸ್ ಬಿ ಲಸಿಕೆ ಲಿವರ್ ಕ್ಯಾನ್ಸರ್ ತಡೆಯುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಹಾಕಿಸಿ. ಇದರಲ್ಲಿ ಎರಡು ಮಾತಿಲ್ಲ. ಆದರೆ ಇವೆಲ್ಲ ಬರುವ ಮುಂಚೆ ಹಾಕಿಸುವಂಥವು. ಬಂದುಬಿಟ್ಟ ಕ್ಯಾನ್ಸರನ್ನು ಇವು ವಾಸಿ ಮಾಡೋಲ್ಲ.

ಮಾವ ಕೇಳಿದ್ದು ಬಂದ ಮೇಲೆ ಕೊಡುವ ಲಸಿಕೆ. ಅದು ಯಾಕೆ ಇಷ್ಟು ಕಷ್ಟ ಅಂದರೆ, ವೈರಸ್ಸು, ಬ್ಯಾಕ್ಟೀರಿಯಾ ಹೊರಗಿಂದ ಬಂದವು. ಕ್ಯಾನ್ಸರ್ ಕಣ ನಮ್ಮದೇ ಕಣ. ನಮ್ಮ ಮೈಯನ್ನು ಕಾಯುವ ಟಿ ಕಣಗಳು ನಮ್ಮದನ್ನು ನಮ್ಮದೇ ಅಂತ ಬಿಟ್ಟುಬಿಡುವುದನ್ನು ಮೊದಲೇ ಕಲಿತಿರುತ್ತವೆ. ಇಷ್ಟು ಹೇಳಿದ್ದಕ್ಕೆ ಮಾವ, "ಅಂಗಾರೆ ಊರ್ ನಾಯಿ ಊರೋರ್ನ ಕಂಡ್ರೆ ಬೊಗಳಾಕಿಲ್ಲ ಅನ್ನು" ಅಂದರು. ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಇದನ್ನು ನಾನು ದಿನಾ ಕಣ್ಣಾರೆ ನೋಡುತ್ತೇನೆ. ಸ್ಲೈಡಿಗೆ ಬಣ್ಣ ಸರಿಯಾಗಿ ಕೂತಿದೆಯಾ ಅಂತ ಡಾಕ್ಟರಿಗೆ ಕೊಡುವ ಮುಂಚೆ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಬೇಕು. ಹೆಮಟಾಕ್ಸಿಲಿನ್ ಅನ್ನೋ ಬಣ್ಣ ಪ್ರತಿ ಕಣದ ಒಳಗಿನ ನ್ಯೂಕ್ಲಿಯಸ್ಸನ್ನು ನೀಲಿ ಮಾಡುತ್ತದೆ, ಇಯೋಸಿನ್ ಅನ್ನೋದು ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ಗಡ್ಡೆಯ ಅಂಚಿಗೆ ಬಂದರೆ ಸಣ್ಣ ಸಣ್ಣ ಕಡು ನೀಲಿ ಚುಕ್ಕೆಗಳು ಗುಂಪುಗುಂಪಾಗಿ ನಿಂತಿರುತ್ತವೆ. ಅವು ಲಿಂಫೋಸೈಟ್‌ಗಳು. ಟಿ ಕಣಗಳು ಇರೋದು ಆ ಗುಂಪಿನಲ್ಲೇ. ಕೆಲವರ ಗಡ್ಡೆಯಲ್ಲಿ ಅವು ಒಳಗೆ ನುಗ್ಗಿ ಕ್ಯಾನ್ಸರ್ ಕಣಗಳ ನಡುವೆಯೇ ಹರಡಿಕೊಂಡಿರುತ್ತವೆ. ಕೆಲವರಲ್ಲಿ ಅಂಚಿನವರೆಗೆ ಬಂದು ಅಲ್ಲೇ ನಿಂತಿರುತ್ತವೆ, ಒಂದೂ ಒಳಗೆ ಹೋಗಿರೋಲ್ಲ. ಇನ್ನು ಕೆಲವರಲ್ಲಿ ಹುಡುಕಿದರೂ ಸಿಗೋಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಇವು ಬರೀ ಚುಕ್ಕೆಗಳಾಗಿದ್ದವು. ಚುಕ್ಕೆಗಳು ಗಡ್ಡೆಯ ಒಳಗೆ ಹೊಕ್ಕ ರೋಗಿಗಳ ಕಥೆ ಸಾಮಾನ್ಯವಾಗಿ ಮೇಲು, ಹೊರಗೇ ನಿಂತ ರೋಗಿಗಳ ಕಥೆ ಕಷ್ಟ ಅಂತ ಡಾಕ್ಟರು ಹೇಳಿಕೊಟ್ಟ ಮೇಲೆ ಅಂಚಿಗೆ ಬಂದಾಗಲೆಲ್ಲ ಕೈ ನಿಧಾನವಾಗುತ್ತದೆ. ಲಸಿಕೆ ಮಾಡುವವರು ಬಯಸುವುದು ಇಷ್ಟೇ, ಆ ನೀಲಿ ಚುಕ್ಕೆಗಳು ಒಳಗೆ ಹೋಗಬೇಕು, ಹೋಗಿ ಕೊಲ್ಲಬೇಕು.

ಈ ಯೋಚನೆ ಹೊಸದಲ್ಲ. ನ್ಯೂಯಾರ್ಕಿನ ವಿಲಿಯಂ ಕೋಲಿ ಅನ್ನುವ ಸರ್ಜನ್ 1891ರಲ್ಲೇ ಗಡ್ಡೆಗೆ ಬ್ಯಾಕ್ಟೀರಿಯಾ ಚುಚ್ಚಿ ಜ್ವರ ಬರಿಸಿ ನೋಡಿದ್ದರು. ಇನ್ನೂ ಹತ್ತಿರದ್ದು ನಮಗೆಲ್ಲ ಗೊತ್ತಿರುವ ಬಿಸಿಜಿ, ಮಗು ಹುಟ್ಟಿದಾಗ ಟಿಬಿಗೆ ಅಂತ ತೋಳಿಗೆ ಹಾಕಿ ಕಲೆ ಉಳಿಸುವುದು. ಕೆನಡಾದ ಅಲ್ವಾರೊ ಮೊರಾಲೆಸ್ ಮತ್ತು ಜೊತೆಯವರು ಇದನ್ನು ಮೂತ್ರಕೋಶದ ಕ್ಯಾನ್ಸರ್ ಇದ್ದವರಿಗೆ ನಳಿಕೆಯಿಂದ ನೇರವಾಗಿ ಮೂತ್ರಕೋಶದೊಳಗೆ ಬಿಟ್ಟು, ವಾರಕ್ಕೊಂದರಂತೆ 6 ವಾರ ಕೊಟ್ಟು, 1976ರಲ್ಲಿ ಫಲ ಬರೆದರು. ಇವತ್ತಿಗೂ ಮೇಲ್ಪದರದಲ್ಲೇ ಇರುವ ಮೂತ್ರಕೋಶದ ಕ್ಯಾನ್ಸರ್ ಇರುವ ಹಲವರಿಗೆ ಅದೇ ಚಿಕಿತ್ಸೆ. ಹೀಗೆ ಬಿಸಿಜಿ ತಗೊಂಡವರ ಬಯಾಪ್ಸಿ ಬಂದರೆ ಸ್ಲೈಡಿನಲ್ಲಿ ಟಿಬಿಯಲ್ಲಿ ಕಾಣುವಂಥದ್ದೇ ಗ್ರಾನ್ಯುಲೋಮಾ ಗಂಟುಗಳು ಕಾಣುತ್ತವೆ. ಫಾರಂ ಮೇಲೆ "ಬಿಸಿಜಿ ಕೊಟ್ಟಿದೆ" ಅಂತ ಒಂದು ಸಾಲು ಬರೆಯದೆ ಕಳಿಸಿದರೆ ಇಲ್ಲದ ಟಿಬಿಯ ಅನುಮಾನ ಬರುತ್ತದೆ. ದಯವಿಟ್ಟು ಬರೆದು ಕಳಿಸಿ.

ಆದರೆ ಬಿಸಿಜಿ ಒಂದೇ ಗುರಿ ಹಿಡಿದು ಹೊಡೆಯೋಲ್ಲ. ಗದ್ದಲ ಎಬ್ಬಿಸಿ ಕಾವಲಿನ ಕಣಗಳನ್ನು ಅಲ್ಲಿಗೆ ಕರೆಸುತ್ತದೆ ಅಷ್ಟೆ. ಗುರಿ ಹಿಡಿಯುವ ಲಸಿಕೆಯ ದಾರಿ ತುಂಬಾ ಸೋಲುಗಳದ್ದು. ಅದನ್ನು ಮುಚ್ಚಿಡಬಾರದು. 2004ರಲ್ಲಿ ಅಮೆರಿಕದ ಸ್ಟೀವನ್ ರೋಸೆನ್‌ಬರ್ಗ್ ಅವರ ತಂಡ ತಾವೇ ಲಸಿಕೆ ಕೊಟ್ಟ 440 ರೋಗಿಗಳ ಲೆಕ್ಕ ಹಾಕಿತು. ಗಡ್ಡೆ ಕುಗ್ಗಿದ್ದು ಶೇ 2.6ರಷ್ಟು ಸಲ ಮಾತ್ರ. 2010ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಪ್ರೊವೆಂಜ್ ಅನ್ನುವುದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರೋಗಿಯದೇ ರಕ್ತದಿಂದ ಕಣ ತೆಗೆದು, ಗಡ್ಡೆಯ ಗುರುತು ಕಲಿಸಿ, ವಾಪಸ್ ಕೊಡುವ ಚಿಕಿತ್ಸೆ. ಸರಾಸರಿ ಆಯಸ್ಸು ಸುಮಾರು 4 ತಿಂಗಳು ಜಾಸ್ತಿಯಾಯಿತು. ಆಗಿನ ಬೆಲೆ 93,000 ಡಾಲರ್.

ಇದೇ ದಾರಿಯಲ್ಲಿ ನನಗೆ ಮರೆಯಲಾಗದ ಒಬ್ಬರಿದ್ದಾರೆ, ರಾಲ್ಫ್ ಸ್ಟೈನ್‌ಮನ್. ಟಿ ಕಣಗಳಿಗೆ ಗುರುತು ತೋರಿಸಿ ಕಲಿಸುವ ಡೆಂಡ್ರಿಟಿಕ್ ಕಣಗಳನ್ನು 1973ರಲ್ಲಿ ಕಂಡುಹಿಡಿದವರು. 2007ರಲ್ಲಿ ಅವರಿಗೇ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಂತ ಗೊತ್ತಾಯಿತು. ಕಿಮೋ ಜೊತೆಗೆ, ತಮ್ಮದೇ ಗಡ್ಡೆಯಿಂದ ಮಾಡಿದ ಲಸಿಕೆಗಳನ್ನೂ ತಮ್ಮ ಮೇಲೆ ಪ್ರಯೋಗಿಸಿಕೊಂಡರು. ಆ ಕ್ಯಾನ್ಸರ್‌ನಲ್ಲಿ ಹೆಚ್ಚಿನವರು ಒಂದು ವರ್ಷವೂ ದಾಟದಿದ್ದ ಕಾಲ. ಅವರು ನಾಲ್ಕು ವರ್ಷ ದಾಟಿದರು. 2011ರ ಸೆಪ್ಟೆಂಬರ್ 30ಕ್ಕೆ ತೀರಿಕೊಂಡರು. ಅದಾಗಿ ಮೂರು ದಿನಕ್ಕೆ ನೊಬೆಲ್ ಪ್ರಕಟವಾಯಿತು. ಸಮಿತಿಗೆ ಅವರು ಹೋಗಿದ್ದು ಗೊತ್ತಿರಲಿಲ್ಲ. ಲಸಿಕೆಯಿಂದಲೇ ಅಷ್ಟು ಬದುಕಿದರು ಅಂತ ಒಬ್ಬರ ಕಥೆಯಿಂದ ಹೇಳೋಕಾಗಲ್ಲ. ಆದರೆ ತನ್ನ ಗಡ್ಡೆಯ ತುಂಡನ್ನು ತಾನೇ ಕೆಲಸಕ್ಕೆ ಹಚ್ಚಿದ ಮನುಷ್ಯ ಅಂತ ನಾನು ಅವರನ್ನು ನೆನೆಯುತ್ತೇನೆ.

ಹಳೆಯ ಲಸಿಕೆಗಳು ಸೋತಿದ್ದು ಯಾಕೆ? ಹಲವು ಸಲ ಆರಿಸಿಕೊಂಡ ಗುರುತು ಒಳ್ಳೆಯ ಕಣಗಳಲ್ಲೂ ಇರುತ್ತಿತ್ತು, ಹಾಗಾಗಿ ಟಿ ಕಣಗಳಿಗೆ ಅದರ ಮೇಲೆ ಸಿಟ್ಟೇ ಬರುತ್ತಿರಲಿಲ್ಲ. ಗಡ್ಡೆ ತನ್ನ ಹತ್ತಿರ ಬಂದ ಟಿ ಕಣಗಳಿಗೆ ಬ್ರೇಕ್ ಹಾಕುತ್ತದೆ ಅನ್ನೋದನ್ನು ಆಗ ಮೀರಲು ಆಗಿರಲಿಲ್ಲ. ಆ ಬ್ರೇಕ್ ಬಿಡಿಸುವ ದಾರಿ ತೋರಿಸಿದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು. ಮೂರನೆಯದು, ಲಸಿಕೆ ಕೊಟ್ಟಿದ್ದು ಬಹಳಷ್ಟು ಸಲ ರೋಗ ಮೈತುಂಬಾ ಹರಡಿದವರಿಗೆ.

ಈಗ ಮಾಡುತ್ತಿರುವುದು ಬೇರೆ ಥರ. ಒಬ್ಬೊಬ್ಬರಿಗೂ ಅವರದೇ ಲಸಿಕೆ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯಿಂದ ಡಿಎನ್‌ಎ ತೆಗೆಯುತ್ತಾರೆ. ಅದೇ ಮನುಷ್ಯನ ರಕ್ತದಿಂದಲೂ ತೆಗೆಯುತ್ತಾರೆ. ಎರಡನ್ನೂ ಅಕ್ಷರ ಅಕ್ಷರ ಓದಿ ಹೋಲಿಸುತ್ತಾರೆ. ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆಗಳು ಸಿಗುತ್ತವೆ. ಅವುಗಳಲ್ಲಿ ಯಾವುವು ಕಣದ ಹೊರಮೈ ಮೇಲೆ ಬಂದು ಟಿ ಕಣದ ಕಣ್ಣಿಗೆ ಬೀಳಬಹುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಆರಿಸುತ್ತಾರೆ. ಮಾಡರ್ನಾ ಕಂಪನಿಯ ಲಸಿಕೆಯಲ್ಲಿ ಹೀಗೆ 34 ಗುರುತುಗಳವರೆಗೆ, ಬಯೋಎನ್‌ಟೆಕ್‌ನದರಲ್ಲಿ 20ರವರೆಗೆ ಒಂದೇ ಎಂಆರ್‌ಎನ್‌ಎ ಎಳೆಯಲ್ಲಿ ಬರೆದು, ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿ ಕೊಡುತ್ತಾರೆ. ಎಂಆರ್‌ಎನ್‌ಎ ಅಂದರೆ ಯಾವ ಪ್ರೋಟೀನ್ ಮಾಡಬೇಕು ಅಂತ ಕಣಕ್ಕೆ ಹೇಳುವ ಚೀಟಿಯಂಥದ್ದು, ಕೆಲವು ಕೋವಿಡ್ ಲಸಿಕೆಗಳಲ್ಲಿ ಬಂದದ್ದೇ, ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ತಂದುಕೊಟ್ಟದ್ದು.

ಫಲ ಏನು? ಚರ್ಮದ ಮೆಲನೋಮಾ ಕ್ಯಾನ್ಸರ್ ತೆಗೆಸಿಕೊಂಡ 157 ಜನರ ಮೇಲೆ ಮಾಡರ್ನಾ ಮತ್ತು ಮರ್ಕ್ ಪ್ರಯೋಗ ಮಾಡಿದವು. ಬ್ರೇಕ್ ಬಿಡಿಸುವ ಔಷಧ ಕೀಟ್ರೂಡಾ ಒಂದನ್ನೇ ತಗೊಂಡವರಿಗಿಂತ, ಲಸಿಕೆಯನ್ನೂ ಸೇರಿಸಿ ತಗೊಂಡವರಲ್ಲಿ ಕ್ಯಾನ್ಸರ್ ಮರಳುವ ಇಲ್ಲವೇ ಸಾಯುವ ಅಪಾಯ ಮೂರು ವರ್ಷದ ಹೊತ್ತಿಗೆ ಶೇ 49 ಕಡಿಮೆಯಿತ್ತು. 2023ರಲ್ಲಿ ಮೂರನೇ ಹಂತದ ದೊಡ್ಡ ಪ್ರಯೋಗ ಶುರುವಾಯಿತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ವಿನೋದ್ ಬಾಲಚಂದ್ರನ್ ಅವರ ತಂಡ ಪ್ಯಾಂಕ್ರಿಯಾಸ್ ಗಡ್ಡೆ ತೆಗೆಸಿಕೊಂಡ 16 ಜನರಿಗೆ ಬಯೋಎನ್‌ಟೆಕ್ ಲಸಿಕೆ ಕೊಟ್ಟಿತು, ಬೇರೆ ಔಷಧ ಮತ್ತು ಕಿಮೋ ಜೊತೆಗೆ. 8 ಜನರಲ್ಲಿ ಟಿ ಕಣಗಳು ಎದ್ದವು. ಆ ಎಂಟರಲ್ಲಿ ಹೆಚ್ಚಿನವರಿಗೆ ಮೂರು ವರ್ಷವಾದರೂ ಕ್ಯಾನ್ಸರ್ ಮರಳಿರಲಿಲ್ಲ. ಉಳಿದ ಎಂಟರಲ್ಲಿ ಹೆಚ್ಚಿನವರಿಗೆ ಮರಳಿತು. ಹದಿನಾರೇ ಜನ, ನಿಜ. ಆದರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಂದರೆ ಏನು ಅಂತ ಗೊತ್ತಿರುವ ಯಾರಿಗಾದರೂ ಇದನ್ನು ಓದಿ ಎದೆ ಹಗುರವಾಗುತ್ತದೆ. ನನಗಂತೂ ಆಯಿತು.

ಹಾಗಾಗಿ ಲಸಿಕೆ ಸುಳ್ಳಲ್ಲ. "ನೂರಕ್ಕೆ ನೂರು" ಅನ್ನೋದು ಸುಳ್ಳು. ಅದಕ್ಕೆ ಮನುಷ್ಯರ ಮೇಲೆ ಮಾಡಿದ ದೊಡ್ಡ ಪ್ರಯೋಗದ ಆಧಾರವಿಲ್ಲ. ನಿಮಗೆ ಯಾರಾದರೂ "ಕ್ಯಾನ್ಸರ್ ವ್ಯಾಕ್ಸಿನ್ ಟ್ರಯಲ್‌ಗೆ ಸೇರಿಸುತ್ತೇವೆ, ಇಷ್ಟು ಲಕ್ಷ ಕಟ್ಟಿ" ಅಂದರೆ ಕಟ್ಟಬೇಡಿ. ನಮ್ಮ ದೇಶದಲ್ಲಿ ನಡೆಯುವ ಟ್ರಯಲ್‌ಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಾಗಿರಬೇಕು. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ನಿಮ್ಮ ಡಾಕ್ಟರ ಹತ್ತಿರ ನೋಂದಣಿ ನಂಬರ್ ಕೇಳಿ.

ಈಗ ನನ್ನ ಕೆಲಸದ ಮೇಜಿಗೆ ಬರುತ್ತೇನೆ. ಇಷ್ಟೆಲ್ಲ ಓದುವಾಗ ನನ್ನ ಮನಸ್ಸು ಪದೇ ಪದೇ ಹೋಗಿದ್ದು ಒಂದೇ ಕಡೆಗೆ. ಈ ಲಸಿಕೆ ಎಲ್ಲೋ ವಿದೇಶದ ಫ್ಯಾಕ್ಟರಿಯಲ್ಲಿ ಶುರುವಾಗೋದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ನರ್ಸಮ್ಮ ಗಡ್ಡೆಯನ್ನು ಯಾವ ಬಾಟಲಿಗೆ ಹಾಕುತ್ತಾರೆ ಅನ್ನೋದರಿಂದ ಶುರುವಾಗುತ್ತದೆ.

ನಮ್ಮ ಲ್ಯಾಬಿಗೆ ನಂಜನಗೂಡು, ಹುಣಸೂರು, ಕೆ.ಆರ್. ನಗರ, ಶ್ರೀರಂಗಪಟ್ಟಣದ ಕಡೆಯಿಂದೆಲ್ಲ ಮಾದರಿಗಳು ಬರುತ್ತವೆ. ಹುಡುಗರು ಬೈಕಿನಲ್ಲಿ ಹೋಗಿ ತರುತ್ತಾರೆ. ಗಡ್ಡೆಯನ್ನು 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ, ಅಂದರೆ ಅದು ಕೊಳೆಯದಂತೆ ಕಾಯುವ ದ್ರಾವಣದಲ್ಲಿ, ಹಾಕಬೇಕು. ಗಡ್ಡೆಯ ಹತ್ತು ಪಟ್ಟಾದರೂ ಫಾರ್ಮಲಿನ್ ಇರಬೇಕು. ಒಂದು ದಿನ ತಾಲ್ಲೂಕಿನ ಒಂದು ನರ್ಸಿಂಗ್ ಹೋಮಿನಿಂದ ಸ್ತನದ ಗಡ್ಡೆ ಬಂತು. ಅಗಲ ಬಾಯಿಯ ಡಬ್ಬ ಸಿಗಲಿಲ್ಲವೋ ಏನೋ, ಸಣ್ಣ ಬಾಟಲಿಗೆ ಒತ್ತಿ ತುರುಕಿದ್ದರು. ಮೇಲೆ ಒಂದು ಬೆರಳಿನಷ್ಟು ಫಾರ್ಮಲಿನ್. ಆಚೆ ತೆಗೆಯೋಕೆ ಆಗದೆ ಬಾಟಲಿ ಒಡೆಯಬೇಕಾಯಿತು. ಕತ್ತರಿಸಿದರೆ ಹೊರಗೆ ಒಂದಿಷ್ಟು ದಪ್ಪ ಬೂದು ಬಣ್ಣಕ್ಕೆ ಗಟ್ಟಿಯಾಗಿತ್ತು, ಒಳಗೆಲ್ಲ ಮೆತ್ತಗೆ ಕೆಂಪಗೆ ಹಾಗೇ ಇತ್ತು. ವಾಸನೆ ಶುರುವಾಗಿತ್ತು. ಫಾರ್ಮಲಿನ್ ಒಳಗಿಳಿಯೋದು ಗಂಟೆಗೆ ಹೆಚ್ಚೂ ಕಡಿಮೆ ಒಂದು ಮಿಲಿಮೀಟರ್. ದೊಡ್ಡ ಗಡ್ಡೆಯನ್ನು ಕೊಯ್ದು ಬಿಡಿಸಿ ಹಾಕದಿದ್ದರೆ ಮಧ್ಯದ ಭಾಗ ಕೊಳೆಯುತ್ತದೆ. ಆ ತಾಯಿಯ ಹೆಸರು ಬಾಟಲಿಯ ಮೇಲಿತ್ತು, ನನ್ನದೇ ವಯಸ್ಸು. ಹೇಗೋ ಕ್ಯಾನ್ಸರ್ ಹೌದು ಅನ್ನೋದಕ್ಕೆ ಸಾಕಾಗುವಷ್ಟು ಸ್ಲೈಡ್ ಆಯಿತು. ಹಾರ್ಮೋನ್ ಟೆಸ್ಟ್ ನಂಬುವ ಹಾಗೆ ಬರಲಿಲ್ಲ. ಅವರಿಗೆ ಯಾವ ಮಾತ್ರೆ ಕೊಡಬೇಕು ಅನ್ನೋದು ಆ ಟೆಸ್ಟಿನ ಮೇಲೇ ನಿಂತಿರುತ್ತದೆ. ಅವತ್ತು ಇಡೀ ದಿನ ಸಂಕಟವಾಯಿತು.

ಕಣ್ಣಿಗೆ ಕಾಣುವ ಸ್ಲೈಡಿಗೇ ಹೀಗೆ. ಡಿಎನ್‌ಎ ಓದುವುದು ಇದಕ್ಕಿಂತ ನಾಜೂಕು. ಹಳೆಯದಾಗಿ ಹುಳಿಯಾದ ಫಾರ್ಮಲಿನ್ ಡಿಎನ್‌ಎಯನ್ನು ತುಂಡು ತುಂಡು ಮಾಡುತ್ತದೆ. ಅದಕ್ಕೇ ಹುಳಿಯಾಗದಂತೆ ತಡೆಯುವ ಬಫರ್ ಹಾಕಿದ್ದು ಬೇಕು ಅನ್ನೋದು. ಬೇಕಾದ್ದಕ್ಕಿಂತ ಜಾಸ್ತಿ ದಿನ ಅದರಲ್ಲಿ ನೆನೆದರೂ ಹಾಳು. ಇನ್ನೂ ಭಯ ಹುಟ್ಟಿಸುವ ವಿಷಯ, ಫಾರ್ಮಲಿನ್ ಡಿಎನ್‌ಎಯ ಕೆಲವು ಅಕ್ಷರಗಳನ್ನೇ ಬದಲಿಸಿಬಿಡುತ್ತದೆ. ಓದುವ ಯಂತ್ರಕ್ಕೆ ಗಡ್ಡೆಯಲ್ಲಿ ಇಲ್ಲವೇ ಇಲ್ಲದ ಬದಲಾವಣೆ ಇದ್ದಂತೆ ಕಾಣಬಹುದು. ಅದನ್ನು ಸೋಸುವ ವಿಧಾನಗಳಿವೆ. ಆದರೂ ಯೋಚನೆ ಮಾಡಿ, ಇಲ್ಲದ ಗುರುತಿಗೆ ಲಸಿಕೆ ಮಾಡಿದರೆ ಆ ಮನುಷ್ಯನಿಗೆ ಏನು ಸಿಕ್ಕ ಹಾಗಾಯಿತು?

ದಸರಾ ಸಮಯದಲ್ಲಿ ಇದು ಇನ್ನೂ ಕಷ್ಟ. ಜಂಬೂ ಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆ ಬಂದ್. ಹಿಂದೆ ಮುಂದೆ ರಜೆ. ಹಬ್ಬ ಮುಗಿದ ಮೇಲೆ ಬರುವ ಬಾಟಲಿಗಳ ಮೇಲೆ ಯಾವ ದಿನ, ಎಷ್ಟು ಹೊತ್ತಿಗೆ ಫಾರ್ಮಲಿನ್‌ಗೆ ಹಾಕಿದ್ದು ಅಂತ ಬರೆದಿದ್ದರೆ ಅರ್ಧ ಕೆಲಸ ಸುಲಭ. ಬರೆದಿರೋದು ಕಡಿಮೆ.

ನಮ್ಮ ಕಡೆ ಜಾಸ್ತಿ ಇರುವ ಬಾಯಿ ಕ್ಯಾನ್ಸರ್‌ನಲ್ಲಿ ಇನ್ನೊಂದು ಸಂಗತಿ ಇದೆ. ದವಡೆ ಮೂಳೆಯೂ ಸೇರಿ ಬಂದರೆ ಬ್ಲೇಡಿನಲ್ಲಿ ಕತ್ತರಿಸೋಕಾಗಲ್ಲ. ಮೂಳೆ ಮೆತ್ತಗಾಗಲು ಆ್ಯಸಿಡ್‌ನಲ್ಲಿ ನೆನೆಸಬೇಕು. ಆ್ಯಸಿಡ್‌ಗೆ ಬಿದ್ದ ತುಂಡಿನ ಡಿಎನ್‌ಎ ಕೆಟ್ಟಿತು ಅಂತಲೇ ಲೆಕ್ಕ. ಅದಕ್ಕೆ ಕೆನ್ನೆಯ ಕಡೆಯ ಮೆತ್ತನೆ ಗಡ್ಡೆಯಿಂದ ಒಂದೆರಡು ತುಂಡನ್ನು ಮೊದಲೇ ಬೇರೆ ಇಟ್ಟುಕೊಂಡು, ಆ್ಯಸಿಡ್ ಸೋಕಿಸದೆ ಬೇರೆ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಂಡು) ಮಾಡಬೇಕು. ಇದಕ್ಕೆ ದುಡ್ಡು ಖರ್ಚಾಗೋಲ್ಲ. ಗಮನ ಬೇಕು ಅಷ್ಟೆ. ಮೂಳೆಯ ತುಂಡಿನಿಂದಲೇ ಡಿಎನ್‌ಎ ಬೇಕೆಂದರೆ ಆ್ಯಸಿಡ್ ಬದಲು ಮೂಳೆ ಮೆತ್ತಗೆ ಮಾಡಲು ಇಡಿಟಿಎ ಅನ್ನೋ ರಾಸಾಯನಿಕ ಇದೆ, ನಿಧಾನ, ಆದರೆ ಡಿಎನ್‌ಎ ಉಳಿಯುತ್ತದೆ.

ಒಸಡು ಮತ್ತು ಕೆನ್ನೆಯ ಈ ಕ್ಯಾನ್ಸರಿನ ಡಿಎನ್‌ಎಯನ್ನು ನಮ್ಮ ದೇಶದ ವಿಜ್ಞಾನಿಗಳೇ ಓದಿ 2013ರಲ್ಲಿ ಪ್ರಕಟಿಸಿದ್ದಾರೆ. ಹೊಗೆಸೊಪ್ಪಿನಿಂದ ಬಂದ ಗಡ್ಡೆಗಳಲ್ಲಿ ಬದಲಾವಣೆಗಳು ಸಾಕಷ್ಟು ಇರುತ್ತವೆ. ಅಂದರೆ ಲಸಿಕೆಗೆ ಬೇಕಾದ ಗುರುತುಗಳು ಸಿಗುವ ಸಾಧ್ಯತೆ ಇದೆ. ಆದರೆ ಯಾವ ಗುರುತು ಟಿ ಕಣದ ಕಣ್ಣಿಗೆ ಬೀಳುತ್ತದೆ ಅನ್ನೋದು ಒಬ್ಬೊಬ್ಬರ ಎಚ್‌ಎಲ್‌ಎ ಮೇಲೆ, ಅಂದರೆ ಗುರುತನ್ನು ಕಣದ ಹೊರಮೈಯಲ್ಲಿ ಹಿಡಿದು ತೋರಿಸುವ, ಜನರಿಂದ ಜನರಿಗೆ ಬದಲಾಗುವ ಪ್ರೋಟೀನ್‌ಗಳ ಮೇಲೆ ನಿಂತಿದೆ. ಅದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮುಗಳು ಕಲಿತಿರೋದು ಜಾಸ್ತಿ ಯುರೋಪ್ ಮೂಲದವರ ಮಾದರಿಗಳಿಂದ. ನಮ್ಮವರ ಮಾದರಿ ಅಲ್ಲಿ ಸೇರದಿದ್ದರೆ ಲಸಿಕೆ ನಮ್ಮೂರಿಗೆ ಬಂದರೂ ನಮಗೆ ಸರಿಯಾಗಿ ಹೊಂದುತ್ತದಾ ಅನ್ನೋ ಚಿಂತೆ ನನಗಿದೆ. ಇಂಗ್ಲೆಂಡಿನಲ್ಲಿ 2024ರಿಂದ ಸರ್ಕಾರಿ ಆಸ್ಪತ್ರೆಗಳೇ ಸೇರಿಕೊಂಡು, ಒಪ್ಪಿದ ರೋಗಿಗಳ ಗಡ್ಡೆ ತುಂಡು ಮತ್ತು ರಕ್ತವನ್ನು ಲಸಿಕೆ ಪ್ರಯೋಗಗಳಿಗೆ ಕಳಿಸುವ ವ್ಯವಸ್ಥೆ ಮಾಡಿಕೊಂಡಿವೆ. ಅಂಥದ್ದು ಮೈಸೂರು, ಮಂಡ್ಯದಿಂದಲೂ ಆಗಬೇಕು. ಆಗುವ ದಿನಕ್ಕೆ ನಮ್ಮ ಬ್ಲಾಕ್‌ಗಳು ಯೋಗ್ಯವಾಗಿರಬೇಕು.

ಇನ್ನು ಮನೆಯವರಿಗೆ ಒಂದು ಮಾತು. ಮೇಲೆ ಹೇಳಿದ ಎರಡೂ ಪ್ರಯೋಗಗಳಲ್ಲಿ ಲಸಿಕೆ ಕೊಟ್ಟಿದ್ದು ಆಪರೇಷನ್ ಮಾಡಿ ಗಡ್ಡೆ ತೆಗೆದ ಮೇಲೆ, ಕಣ್ಣಿಗೆ ಕಾಣದೆ ಉಳಿದ ಕಣಗಳನ್ನು ಹುಡುಕಿ ಕೊಲ್ಲಲಿ ಅಂತ. ತೆಗೆಯೋಕಾಗದಷ್ಟು ಬೆಳೆದ ಮೇಲೆ ಬಂದರೆ ಇದರ ಬಾಗಿಲು ಅಲ್ಲೇ ಅರ್ಧ ಮುಚ್ಚುತ್ತದೆ. ಬಾಯಲ್ಲಿ ಬಿಳಿ ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ಬಿಡೋಕಾಗದಿರೋದು, ಇದ್ಯಾವುದನ್ನೂ ಹಬ್ಬ ಕಳೀಲಿ, ಕಬ್ಬು ಸಾಗಲಿ ಅಂತ ಮುಂದಕ್ಕೆ ಹಾಕಬೇಡಿ.

ಆಪರೇಷನ್ ಆಗಿದ್ದರೆ ಬಯಾಪ್ಸಿ ರಿಪೋರ್ಟನ್ನು ಜೋಪಾನವಾಗಿಡಿ. ಅದರ ಮೇಲಿರುವ ನಂಬರಿನಿಂದಲೇ ನಿಮ್ಮ ಬ್ಲಾಕ್ ಲ್ಯಾಬಿನಲ್ಲಿ ಸಿಗೋದು. ಬ್ಲಾಕ್‌ಗಳನ್ನು ನಾವು ವರ್ಷಗಟ್ಟಲೆ ಇಟ್ಟಿರುತ್ತೇವೆ. ಬೇರೆ ಆಸ್ಪತ್ರೆಗೆ, ಎರಡನೇ ಅಭಿಪ್ರಾಯಕ್ಕೆ, ಮುಂದೆ ಯಾವುದಾದರೂ ಟ್ರಯಲ್‌ಗೆ ಬೇಕಾದರೆ ಡಾಕ್ಟರ ಚೀಟಿ ತಂದು ಕೇಳಿ. ಕೇಳೋಕೆ ಹಿಂಜರಿಯಬೇಡಿ. ಕೈಗೆ ಬಂದ ಮೇಲೆ ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಒಲೆಯ ಹತ್ತಿರ ಇಡಬೇಡಿ, ಅದು ಮೇಣ, ಕರಗುತ್ತದೆ. ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿ ಹಾಕಿಕೊಂಡು ಹೋಗಿ, ಕೆಲಸ ಆದ ಮೇಲೆ ಉಳಿದದ್ದನ್ನು ಲ್ಯಾಬಿಗೇ ವಾಪಸ್ ತಂದುಕೊಡಿ.